ಬೆಂಗಳೂರಿನ ಶೆಡ್ ಬಿಟ್ಟು ಶಹಾಪುರದ ಊರಿಗೆ ವಾಪಸ್ ಹೋಗ್ತೀವಿ ಅನ್ನೋ ಮೂರು ಮನೆಯವರಿಗೆ ಹೇಗೆ ಸಹಾಯ ಮಾಡೋದು?

ಹೆಣ್ಣೂರು_ಭಾನುವಾರ

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ನಾವು ಐದು ಜನ ಫ್ರೆಂಡ್ಸು ಎರಡು ವರ್ಷದಿಂದ ಭಾನುವಾರ ಭಾನುವಾರ ಹೆಣ್ಣೂರು ಆಚೆ ಒಂದು ಖಾಲಿ ಜಾಗದಲ್ಲಿರೋ ಶೆಡ್‌ಗಳಿಗೆ ಹೋಗಿ ಮಕ್ಕಳಿಗೆ ಓದೋದು ಬರೆಯೋದು ಹೇಳಿಕೊಡ್ತಾ ಇದ್ದೀವಿ. ಹನ್ನೊಂದು ಮನೆ ಇದೆ, ಮನೆ ಅಂದ್ರೆ ನೀಲಿ ಟಾರ್ಪಾಲು, ಸರ್ವೆ ಕಂಬ, ಗಾಳಿಗೆ ಹಾರಿಹೋಗದೇ ಇರಲಿ ಅಂತ ಮೇಲೆ ಇಟ್ಟಿರೋ ಸಿಮೆಂಟ್ ಇಟ್ಟಿಗೆ ಅಷ್ಟೇ. ಎಲ್ಲರೂ ಯಾದಗಿರಿ ಜಿಲ್ಲೆ ಶಹಾಪುರ ತಾಲೂಕಿನ ಅಕ್ಕಪಕ್ಕದ ಎರಡು ಊರಿನವರು, ಗಂಡ ಹೆಂಡತಿ ಇಬ್ಬರೂ ಕಟ್ಟಡ ಕೆಲಸಕ್ಕೆ ಹೋಗ್ತಾರೆ. ಶೆಡ್ ಒಂದಕ್ಕೆ ತಿಂಗಳಿಗೆ 2500 ಜಾಗದ ಓನರ್‌ಗೆ ಬಾಡಿಗೆ, ನೀರು ಬೇರೆ, ಅದು ಡ್ರಮ್ ಲೆಕ್ಕ.

ಈಗ ಓನರ್ ಮೇ ಕೊನೆಯೊಳಗೆ ಖಾಲಿ ಮಾಡಿ ಅಂದಿದ್ದಾರೆ, ಅಪಾರ್ಟ್‌ಮೆಂಟ್ ಬರುತ್ತಂತೆ. ಎಂಟು ಮನೆಯವರು ಇನ್ನೊಂದು ಜಾಗ ನೋಡ್ಕೊಂಡಿದ್ದಾರೆ. ಮೂರು ಮನೆಯವರು ಮಾತ್ರ ಸಾಕಾಯ್ತು, ಊರಿಗೇ ಹೋಗ್ತೀವಿ ಅಂತಿದ್ದಾರೆ. ಅವರಲ್ಲಿ ಒಬ್ಬಾಕೆ ನನಗೆ ಹೇಳಿದ್ದು, "ನನ್ನ ಮಗಳಿಗೆ ಎಂಟು ವರ್ಷ ಆತ್ರಿ, ಆಕಿ ಹುಟ್ಟಿದಾಗಿಂದ ಆರು ಸಲ ಗುಡಿಸಲ ಬಿಚ್ಚಿ ಕಟ್ಟೀವಿ." ಆ ಹುಡುಗಿ ನಮ್ಮ ಹತ್ರ ಓದೋಳು, ಮಗ್ಗಿ ಹದಿನಾರರ ತನಕ ಬಾಯಲ್ಲಿ ಬರುತ್ತೆ, ಸ್ಕೂಲಲ್ಲಿ ಮಾತ್ರ ಹೆಸರಿಲ್ಲ.

ಎಲ್ಲಾ ಕಡೆ ಕೇಳಿ 1,60,000 ರೂಪಾಯಿ ಸೇರಿಸಿದ್ದೀವಿ. ಮನೆಗೆ ಐವತ್ತು ಸಾವಿರದಂತೆ ಕೈಗೆ ಕೊಟ್ಟು ಒಂದು ಟೆಂಪೋ ಮಾಡಿ ಕಳಿಸೋಣ ಅಂತ ನನ್ನ ಯೋಚನೆ. ನಮ್ಮಲ್ಲೇ ಒಬ್ಬಳು ಬೇಡ ಅಂತಿದ್ದಾಳೆ, 2020ರ ಮೇ ತಿಂಗಳಲ್ಲಿ ಮೆಜೆಸ್ಟಿಕ್‌ನಿಂದ ಫ್ರೀ ಬಸ್ ಬಿಟ್ಟಾಗ ಎಷ್ಟೊಂದು ಜನ ಗಂಟು ಮೂಟೆ ಹೊತ್ಕೊಂಡು ಹೋದ್ರಲ್ಲ, ಲಾಕ್‌ಡೌನ್ ಮುಗೀತಿದ್ದಂಗೆ ಅವರೇ ವಾಪಸ್ ಬಂದ್ರಲ್ಲ, ಇದೂ ಹಂಗೇ ಆಗುತ್ತೆ ಅಂತ. ಆ ಕಡೆ ಊರಿನವರು, ಪಂಚಾಯ್ತಿ ಕೆಲಸ ಗೊತ್ತಿರೋರು ಯಾರಾದ್ರೂ ಇದ್ರೆ ಹೇಳಿ, ಇವರು ಹೋಗಿ ಅಲ್ಲೇ ನಿಲ್ಲೋ ಹಾಗೆ ಆಗ್ಬೇಕಾದ್ರೆ ನಾವು ಏನು ಮಾಡ್ಬೇಕು?

ಸಗರನಾಡಿನವ

ನಮಸ್ಕಾರ ರೀ. ನಾನು ಶಹಾಪುರ ಹತ್ರದಾವನೇ, ಈಗ ಕಲಬುರಗಿಯೊಳಗ ಕೆಲಸ ಮಾಡ್ತೀನಿ. ದಯಮಾಡಿ ರೊಕ್ಕ ಕೈಯಾಗ ಕೊಟ್ಟು ಟೆಂಪೋ ಹತ್ತಸಬ್ಯಾಡ್ರಿ. ಟೆಂಪೋ ಬಂದು ಊರಾಗ ನಿಂತಿತು ಅಂದ್ರ ಮನಿ ಮುಂದ ಮೊದಲ ಬರಾವ್ರು ಸಾಲ ಕೊಟ್ಟಾವ್ರು. ಒಬ್ಬೊಬ್ರಿಗೆ ಬ್ಯಾರೆ ಬ್ಯಾರೆ ಕುಂಡ್ರಿಸಿ ಕೇಳ್ರಿ, ಊರಾಗ ಎಷ್ಟು ಸಾಲ ಅದ, ಯಾರದು ಅದ ಅಂತ. ಗಂಡಗ ಬ್ಯಾರೆ ಕೇಳ್ರಿ, ಹೆಂಡತಿಗಿ ಬ್ಯಾರೆ ಕೇಳ್ರಿ, ಇಬ್ಬರದೂ ಲೆಕ್ಕ ಕೂಡಂಗಿಲ್ಲ. ನಮ್ಮ ಕಡಿ ಗುಳೆ ಹೋಗೋದು ಬರೀ ಮಳಿ ಬರಲಿಲ್ಲ ಅಂತ ಅಲ್ಲ, ಮಗಳ ಮದುವಿ ಸಾಲ, ಬೋರ್ ಫೇಲ್ ಆದ ಸಾಲ, ಮೈಕ್ರೋ ಫೈನಾನ್ಸಿನ ವಾರದ ಕಂತು, ಇವೇ ಅರ್ಧ. ವಸೂಲಿಗೆ ಬಂದು ಕಿರುಕುಳ ಕೊಡಬಾರದು ಅಂತ 2025ರಾಗ ರಾಜ್ಯದಾಗ ಕಾನೂನು ಬಂದದ, ಅದು ಛಲೋ ಆತು, ಆದ್ರ ಹೆಣ್ಣಮಕ್ಕಳ ಗುಂಪಿನ ಮ್ಯಾಲ ತಗೊಂಡ ಸಾಲಕ್ಕ ಗುಂಪಿನಾವ್ರೇ ಬಂದು ಬಾಗಲಾಗ ಕುಂದರ್ತಾರ, ಅವರೂ ನಮ್ಮವರೇ, ಓಣಿಯಾವ್ರೇ, ಅವರಿಗೆ ಯಾವ ಕಾನೂನು ತೋರಸ್ತೀರಿ.

ಇನ್ನ ಹೊಲದ ಮಾತು. ನಾರಾಯಣಪುರ ಎಡದಂಡೆ ಕಾಲುವಿ ನಮ್ಮ ತಾಲೂಕಿನಾಗ ಹರೀತದ, ಹೊರಗಿನಾವ್ರು ರೋಡಿನ ಬಾಜೂಕ ಭತ್ತ ನೋಡಿ ಇಷ್ಟು ಹಸರ ಇದ್ರೂ ಯಾಕ ಬೆಂಗಳೂರಿಗೆ ಹೋಗ್ತಾರ ಅಂತ ಕೇಳ್ತಾರ. ನೀರು ಬರೋ ಹೊಲದ ಕಥಿ ಬ್ಯಾರೆ, ಕಾಲುವಿ ಕಡೀಗಿರೋ ಟೇಲ್ ಎಂಡ್ ಹೊಲದ ಕಥಿ ಬ್ಯಾರೆ, ಕಾಲುವಿ ಮ್ಯಾಲಿನ ದಿಬ್ಬದ ಹೊಲದ ಕಥಿ ಇನ್ನೂ ಬ್ಯಾರೆ. ಗುಳೆ ಹೋಗಾವ್ರದು ಹೆಚ್ಚಾಗಿ ಎರಡೋ ಮೂರೋ ಎಕರೆ ಒಣ ಹೊಲ, ಇಲ್ಲಾ ಹೊಲಾನೇ ಇಲ್ಲ. ಜೂನ್ ಜುಲೈದಾಗ ತೊಗರಿ ಬಿತ್ತಿದ್ರ ಡಿಸೆಂಬರ್ ಜನವರಿಗಿ ರಾಶಿ. ನಡುವ ದೀಪಾವಳಿ ಹಿಂದ ಮುಂದ ಹತ್ತಿ ಬಿಡಿಸೋ ಕೆಲಸ ಇರ್ತದ, ಕೆಜಿ ಲೆಕ್ಕದ ಕೂಲಿ, ಹೆಣ್ಣಮಕ್ಕಳಿಗಿ ಆಗ ಪುರಸತ್ತೇ ಇರಂಗಿಲ್ಲ. ಸಂಕ್ರಾಂತಿ ದಾಟಿತು ಅಂದ್ರ ಮುಗೀತು, ಮುಂದ ಜೂನ್ ತನಕ ಹೊಲದಾಗ ಕೆಲಸಿಲ್ಲ. ಆ ನಾಕೈದು ತಿಂಗಳೇ ಜನರಿಗಿ ಬಸ್ ಹತ್ತಸ್ತದ. ಹಂಗಾಗಿ ನನ್ನ ಮಾತು ಒಂದೇ, ನಿಮ್ಮ ರೊಕ್ಕ ಕಳಿಸೋ ದಿನಕ್ಕಲ್ಲ, ಬರೋ ಫೆಬ್ರವರಿಗಿ ಬೇಕಾಗ್ತದ. ಅದನ್ನ ಇಟ್ಕೊಂಡು ಕುಂದರ್ರಿ.

ಕಳಿಸೋದಾದ್ರ ಮೇ ಕಡೀ ವಾರ ಛಲೋ ಟೈಮ್, ಸಾಲಿ ಶುರು ಆಗ್ತದ, ಬಿತ್ತನಿ ಶುರು ಆಗ್ತದ. ನವೆಂಬರ್‌ದಾಗ ಹೋಗಿದ್ರ ಎರಡು ತಿಂಗಳು ಹತ್ತಿ ಬಿಡಿಸಿ ಮತ್ತ ಬೆಂಗಳೂರಿಗೇ ಬರ್ತಿದ್ರು.

ಬಡಾವಣೆ_ಜನ

ನಾನು ಬೆಂಗಳೂರಲ್ಲೇ ಇಂಥ ಶೆಡ್‌ಗಳಲ್ಲಿ ಹತ್ತು ವರ್ಷದಿಂದ ಕೆಲಸ ಮಾಡ್ತಿರೋಳು, ಬೇಜಾರ್ ಮಾಡ್ಕೋಬೇಡಿ, ಒಂದು ಮಾತು ನೇರವಾಗಿ ಕೇಳ್ತೀನಿ. ಊರಿಗೆ ಹೋಗ್ತೀವಿ ಅಂದವರು ಯಾರು, ಗಂಡಸರಾ ಹೆಂಗಸರಾ? ಓನರ್ ಖಾಲಿ ಮಾಡಿ ಅಂದ ವಾರದಲ್ಲಿ ಹೇಳಿದ ಮಾತಾ, ಅದಕ್ಕೆ ಮುಂಚೆನೂ ಹೇಳ್ತಿದ್ರಾ? ಓಡಿಸಿದ್ರು ಅಂತ ಊರಿಗೆ ಹೋಗೋದಕ್ಕೂ ಹೋಗ್ಬೇಕು ಅಂತ ಹೋಗೋದಕ್ಕೂ ಬಹಳ ವ್ಯತ್ಯಾಸ ಇದೆ. ಎಷ್ಟೋ ಜನ ಊರು ಬಿಟ್ಟಿದ್ದು ಬರೀ ಹೊಟ್ಟೆಗಲ್ಲ, ಕೇರಿಯವರು ಅಂತ ಬಾವಿ ಹತ್ರ ಗುಡಿ ಹತ್ರ ಹೋಟೆಲ್ ಹತ್ರ ಅನುಭವಿಸಿದ್ದು ಸಾಕಾಗಿ ಬಂದಿರ್ತಾರೆ. ಇಲ್ಲಿ ಟಾರ್ಪಾಲಿನ ಕೆಳಗೆ ಮಲಗಿದ್ರೂ ಟೀ ಅಂಗಡಿಯಲ್ಲಿ ಗ್ಲಾಸ್ ಎಲ್ಲರಿಗೂ ಒಂದೇ. ಅದನ್ನ ಬಿಟ್ಟು ವಾಪಸ್ ಹೋಗಿ ಅಂತ ಹೇಳೋ ಮುಂಚೆ ಅವರ ಹೆಂಗಸರನ್ನ, ಅದರಲ್ಲೂ ಹತ್ತನ್ನೆರಡು ವರ್ಷ ದಾಟಿದ ಹೆಣ್ಣುಮಕ್ಕಳನ್ನ ಕೇಳಿ.

ಇನ್ನೊಂದು, ಮೇಸ್ತ್ರಿ ಹತ್ರ ಅಡ್ವಾನ್ಸ್ ತಗೊಂಡಿದ್ದಾರಾ ವಿಚಾರಿಸಿ. ತಗೊಂಡಿದ್ರೆ ಅದು ತೀರೋ ತನಕ ಬಿಡಲ್ಲ ಅಂತ ಹೆದರಿಸಿರ್ತಾರೆ, ಇವರೂ ಅದನ್ನ ನಂಬಿಕೊಂಡಿರ್ತಾರೆ. ಸಾಲ ಇದೆ ಅಂತ ಮನುಷ್ಯನನ್ನ ಕೆಲಸಕ್ಕೆ ಕಟ್ಟಿಹಾಕೋದು 1976ರ ಜೀತ ನಿರ್ಮೂಲನಾ ಕಾನೂನಿನ ಪ್ರಕಾರ ಅಪರಾಧ, ತಹಶೀಲ್ದಾರ್, ಎಸಿ (ಅಸಿಸ್ಟೆಂಟ್ ಕಮಿಷನರ್) ತನಕ ದೂರು ಕೊಡಬಹುದು, ಆ ಧೈರ್ಯ ಅವರಿಗೆ ಕೊಡಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕಾರ್ಡ್ ಇಲ್ಲದಿದ್ರೆ 90 ದಿನದ ಕೆಲಸದ ಸರ್ಟಿಫಿಕೇಟ್ ಇಲ್ಲಿಂದಲೇ ಮಾಡಿಸಿಕೊಂಡು ಅರ್ಜಿ ಹಾಕಿಸಿ, ಅದು ಇಡೀ ರಾಜ್ಯದ ಮಂಡಳಿ, ಊರಿಗೆ ಹೋದ್ರೂ ಕಾರ್ಡ್ ನಡೆಯುತ್ತೆ. ಉಳಿದ ಎಂಟು ಮನೆಯವರನ್ನೂ ಮರೀಬೇಡಿ ಪ್ಲೀಸ್. ಖಾಸಗಿ ಜಾಗದ ಇಂಥ ಶೆಡ್‌ಗಳು 1973ರ ಕೊಳಗೇರಿ ಕಾಯ್ದೆಯಲ್ಲಿ ಘೋಷಣೆ ಆಗಿರಲ್ಲ, ಹಾಗಾಗಿ ಸ್ಲಮ್ ಬೋರ್ಡ್ ಲೆಕ್ಕದಲ್ಲಿ ಇವರು ಇಲ್ಲವೇ ಇಲ್ಲ, ಜೆಸಿಬಿ ಬಂದ್ರೆ ಕೇಳೋರು ಯಾರೂ ಇರಲ್ಲ. 2020ರ ಜನವರಿಯಲ್ಲಿ ಬೆಳ್ಳಂದೂರು ಹತ್ರ ಕರಿಯಮ್ಮನ ಅಗ್ರಹಾರದಲ್ಲಿ ಗುಡಿಸಲು ಕೆಡವಿದಾಗ ಹೈಕೋರ್ಟ್ ತನಕ ಹೋಗ್ಬೇಕಾಯ್ತು. ರೇಷನ್ ಊರಿನ ಕಾರ್ಡಲ್ಲೇ ಇಲ್ಲಿನ ಯಾವ ನ್ಯಾಯಬೆಲೆ ಅಂಗಡಿಯಲ್ಲಾದ್ರೂ ಸಿಗುತ್ತೆ, ಬೆರಳಚ್ಚು ಕೊಟ್ರೆ ಸಾಕು, ಅದು ಕೂಡ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಹೆಣ್ಣೂರು_ಭಾನುವಾರ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಹೋಗಿ ಬೇರೆ ಬೇರೆ ಕೂರಿಸಿ ಮಾತಾಡಿದ್ವಿ, ನೀವು ಹೇಳಿದ್ದು ನಿಜ. ಮೂರು ಮನೆಯಲ್ಲಿ ಒಂದು ಮನೆಯ ಹೆಂಗಸು ಗಂಡ ಆಚೆ ಹೋಗೋ ತನಕ ಬಾಯೇ ಬಿಡಲಿಲ್ಲ, ಆಮೇಲೆ ನಾ ಹೋಗಂಗಿಲ್ಲ ಅಂದ್ಲು. ಊರಲ್ಲಿ ಭಾವನ ಮನೇಲಿ ಇರ್ಬೇಕು, ಅಲ್ಲಿ ಏನೋ ನಡೆದಿದೆ, ನಾವು ಕೆದಕಲಿಲ್ಲ. ಇನ್ನೆರಡು ಮನೆಯವರು ಗಟ್ಟಿಯಾಗಿದ್ದಾರೆ.

ಮಗ್ಗಿ ಹೇಳೋ ಹುಡುಗಿಯ ತಾಯಿ ಎಲ್ಲಾ ಕಾಗದ ಒಂದು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಶೆಡ್‌ನ ಮಧ್ಯದ ಕಂಬಕ್ಕೆ ಎತ್ತರದಲ್ಲಿ ನೇತು ಹಾಕಿದ್ದಾಳೆ, ಮಳೆ ನೀರು ನುಗ್ಗಿದ್ರೂ ಅದಕ್ಕೆ ತಾಗಬಾರದು ಅಂತ. ಅದನ್ನ ಇಳಿಸಿ ಚಾಪೆ ಮೇಲೆ ಸುರುವಿದ್ಲು. ಲ್ಯಾಮಿನೇಟ್ ಮಾಡ್ಸಿರೋ ನಾಲ್ಕು ಆಧಾರ್, ಮೊಬೈಲ್ ನಂಬರ್ ಮೂರಕ್ಕೆ ಹಳೇದು. ಸೀಲ್ ಅಳಿಸಿಹೋಗಿರೋ ಒಂದು ನರೇಗಾ (ಉದ್ಯೋಗ ಖಾತ್ರಿ) ಜಾಬ್ ಕಾರ್ಡ್. ತಾಯಿ ಕಾರ್ಡ್. ಬಿಪಿಎಲ್ ಕಾರ್ಡಿನ ಜೆರಾಕ್ಸ್, ಅಸಲು ಅತ್ತೆ ಹತ್ರ ಊರಲ್ಲಿ. ಮಾವನ ಹೆಸರಲ್ಲಿರೋ ಪಹಣಿ, ಎರಡು ಎಕರೆ ಹತ್ತು ಗುಂಟೆ, ಮಾವ ತೀರಿಹೋಗಿ ಒಂಬತ್ತು ವರ್ಷ. ಇದರಲ್ಲಿ ಏನು ಕೆಲಸಕ್ಕೆ ಬರುತ್ತೆ ಏನು ಬರಲ್ಲ ಅಂತ ಯಾರಾದ್ರೂ ಹೇಳ್ತೀರಾ?

ಕಾಯಕಮಿತ್ರ_ಅಕ್ಕ

ನಾನು ರಾಯಚೂರು ಜಿಲ್ಲೆಯೊಳಗ ಒಂದು ಗ್ರಾಮ ಪಂಚಾಯ್ತಿಯಲ್ಲಿ ಗ್ರಾಮ ಕಾಯಕ ಮಿತ್ರ, ಅಂದ್ರೆ ನರೇಗಾ ಕೆಲಸ ನೋಡ್ಕೊಳ್ಳಾಕಿ, ದಿನಾ ಇದೇ ಕೆಲಸ, ಅದಕ್ಕೆ ಬರೀತೀನಿ.

ಜಾಬ್ ಕಾರ್ಡ್ ನಂಬರ್ ಅಳಿಸಿಲ್ಲ ಅಂದ್ರೆ ಸಾಕು, ಆ ನಂಬರ್ ಹಿಡ್ಕೊಂಡು ಪಂಚಾಯ್ತಿಗೆ ಫೋನ್ ಮಾಡಿಸ್ರಿ. ವರ್ಷಗಟ್ಟಲೆ ಊರಾಗ ಇಲ್ಲದವರ ಕಾರ್ಡ್ ಡಿಲೀಟ್ ಆಗಿರೋದೇ ಜಾಸ್ತಿ, ಆಗಿದ್ರೆ ಹೊಸದಕ್ಕೆ ಅರ್ಜಿ ಕೊಡಬೇಕು. ಆಧಾರ್ ಬ್ಯಾಂಕ್ ಖಾತೆಗೆ ಲಿಂಕ್ ಇಲ್ಲ ಅಂದ್ರೆ ಕೆಲಸ ಮಾಡಿದ್ರೂ ಕೂಲಿ ಬೀಳಂಗಿಲ್ಲ, 2024ರ ಜನವರಿಯಿಂದ ಎಲ್ಲಾ ಪೇಮೆಂಟ್ ಆಧಾರ್ ಮೇಲೇನೇ. ಮೊಬೈಲ್ ನಂಬರ್ ಬದಲಾಯಿಸೋದು, ಬ್ಯಾಂಕ್ ಲಿಂಕ್ ಮಾಡಿಸೋದು ಎರಡನ್ನೂ ಬೆಂಗಳೂರಾಗೇ ಮುಗಿಸ್ರಿ, ಇಲ್ಲಿ ಆಧಾರ್ ಸೆಂಟರಿಗೆ ತಾಲೂಕಿಗೆ ಬರಬೇಕು, ಒಂದು ದಿನದ ಕೂಲಿ ಹೋಗ್ತದ, ಸರ್ವರ್ ಇಲ್ಲ ಅಂದ್ರೆ ಎರಡು ದಿನದ್ದು.

ಕೆಲಸ ಬೇಕು ಅಂತ ಫಾರಂ ನಂಬರ್ 6 ಕೊಟ್ಟು ಸ್ವೀಕೃತಿ ತಗೋಬೇಕು, ಇದು ಬಹಳ ಮುಖ್ಯ, ಬಾಯಿಮಾತಲ್ಲಿ ಕೇಳಿ ಹೋಗಬಾರದು. ತಾರೀಖಿರೋ ಸ್ವೀಕೃತಿ ಇದ್ರೆ 15 ದಿನದೊಳಗೆ ಕೆಲಸ ಕೊಡಲೇಬೇಕು, ಇಲ್ಲಂದ್ರೆ ನಿರುದ್ಯೋಗ ಭತ್ಯೆ ಕೇಳಬಹುದು. 2025ರ ಏಪ್ರಿಲ್‌ದಿಂದ ಕೂಲಿ 370 ರೂಪಾಯಿ, ಗಂಡಿಗೂ ಹೆಣ್ಣಿಗೂ ಒಂದೇ. ಆದ್ರೆ ಸುಳ್ಳು ಭರವಸೆ ಕೊಡಬ್ಯಾಡ್ರಿ. 2025-26ರ ಲೆಕ್ಕದಾಗ 100 ದಿನ ಅನ್ನೋದು ಒಬ್ಬರಿಗಲ್ಲ, ಇಡೀ ಕುಟುಂಬಕ್ಕೆ. ಗಂಡ ಹೆಂಡತಿ ಇಬ್ಬರೂ ಬಂದ್ರೆ 50 ದಿನಕ್ಕೆ ಮುಗೀತು, ವರ್ಷಕ್ಕೆ 37,000. ಬೆಂಗಳೂರಾಗ ಇಬ್ಬರೂ ದುಡಿದ್ರೆ ಅದು ಎರಡು ತಿಂಗಳ ಮಾತು. ಹಂಗಾಗಿ ನರೇಗಾದ ದಿನಗಳನ್ನ ಜೂನ್‌ದಾಗ ಖರ್ಚು ಮಾಡಿಸಬ್ಯಾಡ್ರಿ, ಮೇಲೆ ಅವರು ಹೇಳ್ಯಾರಲ್ಲ ಫೆಬ್ರವರಿ ಅಂತ, ಆವಾಗಿಗೆ ಉಳಿಸಿ ಇಟ್ಟುಕೊಳ್ಳಲಿ. ಆದ್ರೆ ಮಾರ್ಚ್ 31ಕ್ಕೆ ಆ ವರ್ಷದ ಲೆಕ್ಕ ಮುಗೀತದ, ಅದೂ ನೆನಪಿರಲಿ, ಏಪ್ರಿಲ್‌ಗೆ ಹೊಸ ಲೆಕ್ಕ.

ಸಣ್ಣ ಕೂಸು ಇದ್ರೆ ಪಂಚಾಯ್ತಿಯಲ್ಲಿ ಕೂಸಿನ ಮನೆ ಅದ ಏನು ಅಂತ ಕೇಳ್ರಿ, ತಾಯಿ ಕೆಲಸಕ್ಕೆ ಹೋದಾಗ ಅಲ್ಲಿ ನೋಡ್ಕೊಳ್ತಾರ. ಬೇಸಿಗೆಯಾಗ ಕೆರೆ ಹೂಳು ತೆಗೆಯೋ ಜಾಗದಾಗ ಕೂಸಿಗೆ ಸೀರೆ ಜೋಳಿಗೆ ಕಟ್ಟಿ ಮಲಗಿಸಿದ್ದು ನೋಡಿ ನೋಡಿ ನನಗ ಸಾಕಾಗ್ಯದ, ಅದಕ್ಕೆ ಹೇಳಿದೆ.

ಪಹಣಿ ಮಾವನ ಹೆಸರಲ್ಲಿ ಇದ್ರೆ ಬೆಳೆ ವಿಮೆ, ಬೆಳೆ ಪರಿಹಾರ, ಸೊಸೈಟಿ ಸಾಲ ಯಾವುದೂ ಇವರ ಕೈಗೆ ಬರಂಗಿಲ್ಲ. ಪೌತಿ ಖಾತೆ ಆಗಬೇಕು, ಅಂದ್ರೆ ತೀರಿದವರ ಹೆಸರಲ್ಲಿರೋ ಹೊಲ ವಾರಸುದಾರರ ಹೆಸರಿಗೆ ಬರಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲಾ ವಾರಸುದಾರರ ಆಧಾರ್ ಬೇಕು. ಮಾವ ತೀರಿದಾಗ ಸಾವು ನೋಂದಣಿ ಮಾಡಿಸ್ಯಾರೋ ಇಲ್ಲೋ ಮೊದಲು ಕೇಳ್ರಿ, ಒಂದು ವರ್ಷ ದಾಟಿದ ಮೇಲೆ ಸುಮ್ಮನೆ ಕೊಡಂಗಿಲ್ಲ, ಮೇಲಿನಿಂದ ಆದೇಶ ತರಬೇಕು, ಅಲ್ಲೇ ಎಲ್ಲರೂ ಕೈ ಬಿಡೋದು. ಗಂಡನ ಅಕ್ಕತಂಗಿಯರಿಗೂ ಹಕ್ಕು ಅದ, ಅವರ ಹೆಸರು ಬಿಟ್ಟು ಮಾಡಿಸೋಣ ಅನ್ನೋರು ಸಿಗ್ತಾರ, ಅದಕ್ಕೆ ಕೈ ಹಾಕಬ್ಯಾಡ್ರಿ.

ಹುಡುಗಿ ಸಾಲಿ ಬಗ್ಗೆ ಚಿಂತಿ ಬ್ಯಾಡ. 6ರಿಂದ 14 ವರ್ಷದ ಮಗುವಿಗೆ ಟಿಸಿ ಇಲ್ಲ ಅಂತ ಅಡ್ಮಿಷನ್ ಬೇಡ ಅನ್ನಂಗಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯಾಗೇ ಅದ. ವಯಸ್ಸಿಗೆ ತಕ್ಕ ತರಗತಿಗೆ ಕುಂಡ್ರಿಸಬೇಕು, ಎಂಟು ವರ್ಷಕ್ಕೆ ಒಂದನೇತ್ತಕ್ಕೆ ಹಾಕಿದ್ರೆ ಒಪ್ಪಬ್ಯಾಡ್ರಿ. ಐದನೇತ್ತ ಮುಗಿದ ಮೇಲೆ ಮೊರಾರ್ಜಿ ಅಥವಾ ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ ಪರೀಕ್ಷೆ ಬರೆಸಲಿ. ಅಪ್ಪ ಅಮ್ಮ ಮತ್ತೆ ಗುಳೆ ಹೋದ್ರೂ ಹುಡುಗಿ ಓದು ನಿಲ್ಲಂಗಿಲ್ಲ.

ತೊಗರಿ_ಹೊಲ

ನಿಮ್ಮ ಪೋಸ್ಟ್ ನೋಡಿ ಲಾಗಿನ್ ಆದೆ, ನಾನೇ ಅಂಥಾ ಶೆಡ್ಡಿನಾಗ ಬೆಳೆದಾವ. ಸುರಪುರ ತಾಲೂಕು ನಮ್ಮದು, ಹೆಬ್ಬಾಳ ಕಡೆ ಏಳು ವರ್ಷ ಇದ್ವಿ, 2020ರಾಗ ವಾಪಸ್ ಬಂದ ಬಸ್ಸಿನಾಗ ನಾವೂ ಇದ್ವಿ. ಹೋದಾವ್ರೆಲ್ಲಾ ತಿರುಗಿ ಬಂದ್ರು ಅಂತ ನಿಮ್ಮ ಗೆಳತಿ ಹೇಳಿದ್ದು ಬಹುತೇಕ ಖರೆ. ನಮ್ಮ ಓಣಿಯಾಗ ಹದಿನಾಲ್ಕು ಮನಿ ಬಂದಿದ್ವು, ಉಳಿದದ್ದು ನಾಕು.

ನಾವು ಯಾಕ ಉಳಿದ್ವಿ ಅಂತ ಅವ್ವನ್ನ ಕೇಳಿದ್ರ ಮಾಳಿಗಿ ಅಂತಾಳ. ನಮ್ಮದು ಮಣ್ಣಿನ ಮಾಳಿಗಿ ಮನಿ, ಏಳು ವರ್ಷ ಯಾರೂ ಇಲ್ಲದ್ದಕ್ಕ ಒಂದು ಜಂತಿ ಮುರಿದು ಅಡಗಿಮನಿ ಮ್ಯಾಲ ಕುಸಿದಿತ್ತು. ಬಂದ ವಾರದಾಗೇ ಅಪ್ಪ, ಕಾಕಾ ಕೂಡಿ ಆ ಭಾಗ ತಗಡು ಹಾಕಿದ್ರು, ಬೆಂಗಳೂರಾಗ ಇನ್ನೊಬ್ಬರಿಗೆ ಕಟ್ಟಿಕೊಟ್ಟ ಕೈ ಅಲ್ಲರೀ, ಎರಡು ದಿನದಾಗ ಮುಗೀತು. ಮಾಳಿಗಿ ಸೋರೋ ಮನಿಯಾವ್ರು ಜುಲೈ ಮಳಿಗೇ ಹೊಂಟು ಹೋದ್ರು. ಸರ್ಕಾರದ ಮನಿ ಬರ್ತದ ಅಂತ ಕಾಯಬ್ಯಾಡ್ರಿ, ಬಸವ ವಸತಿಯಾಗ್ಲಿ ಪ್ರಧಾನಮಂತ್ರಿ ಆವಾಸ್ ಆಗ್ಲಿ ಪಟ್ಟಿಯಾಗ ಹೆಸರು ಬರಬೇಕು, ಬಂದ ಮ್ಯಾಲೂ ಬುನಾದಿ, ಗೋಡಿ, ಛಾವಣಿ ಅಂತ ಫೋಟೋ ಹೊಡೆದು ಕಂತಿನ್ಯಾಗ ಬರ್ತದ, ಮೊದಲ ನಿಮ್ಮ ಕೈಯಿಂದ ಹಾಕಬೇಕು. ಹೆಸರು ಬರೆಸಿ ಇಡ್ರಿ, ಆದ್ರ ಈ ಮಳಿಗಾಲಕ್ಕ ತಗಡು ಹಾಕ್ಸಿ ಕೊಡ್ರಿ.

ಇನ್ನೊಂದು ಅವ್ವ ಸಂಜೀವಿನಿ ಸಂಘಕ್ಕ, ಅಂದ್ರ ಹೆಣ್ಣಮಕ್ಕಳ ಸ್ವಸಹಾಯ ಸಂಘಕ್ಕ ಸೇರಿದ್ದು. ಮೊದಲ ಆರು ತಿಂಗಳು ಸೇರಿಸಿಕೊಳ್ಳಲಿಲ್ಲ, ನೀ ಮತ್ತ ಬೆಂಗಳೂರಿಗೆ ಓಡಿ ಹೋಗ್ತಿ, ನಿನ್ನ ಕಂತು ನಾವು ಕಟ್ಟಬೇಕಾಗ್ತದ ಅಂದ್ರು. ಯಾರಾದ್ರೂ ಒಬ್ಬರು ಸಂಘದಾವ್ರ ಜತಿ ಮೊದಲೇ ಮಾತಾಡಿದ್ರ ಅದು ಸಲೀಸು ಆಗ್ತದ. ಸಂಘದ ಸಾಲದಾಗ ಎರಡು ಕುರಿ ತಗೊಂಡ್ವಿ, ಈಗ ಹದಿಮೂರು ಅದಾವ. ಮಾರ್ಚ್ ಏಪ್ರಿಲ್‌ದಾಗ ಕೈಯಾಗ ಏನೂ ಇಲ್ಲದಾಗ ಒಂದು ಟಗರು ಮಾರಿದ್ರ ಆ ತಿಂಗಳು ದಾಟ್ತದ.

ನಮ್ಮಣ್ಣ ಮಾತ್ರ 2022ರಾಗ ವಾಪಸ್ ಬೆಂಗಳೂರಿಗೆ ಹೋದ, ಈಗ ಟೈಲ್ಸ್ ಕೆಲಸ ಮಾಡ್ತಾನ, ಚೆನ್ನಾಗಿದಾನ. ಅವ ಹೋಗಿದ್ದಕ್ಕೇ ನಾವು ಊರಾಗ ಉಳಿದ್ವಿ ಅಂತನೂ ಹೇಳಬಹುದು, ಬಿತ್ತನಿ ಬೀಜದ ರೊಕ್ಕ ಅವನೇ ಕಳಿಸ್ತಾನ. ಅದಕ್ಕ ಗಂಡಸು ಒಬ್ಬ ಮತ್ತ ಪ್ಯಾಟಿಗೆ ಬಂದ ಅಂದ್ರ ನಿಮ್ಮ ಕೆಲಸ ಹಾಳಾತು ಅನ್ಕೋಬ್ಯಾಡ್ರಿ. ಹೆಂಡತಿ ಮಕ್ಕಳು ತಗಡಿನ ಕೆಳಗ ಒಣಗಿದ ನೆಲದ ಮ್ಯಾಲ ಮಲಗ್ತಾರ, ಹುಡುಗಿ ಸಾಲಿಗೆ ಹೋಗ್ತಾಳ, ಅಷ್ಟಾದ್ರ ಭಾಳ ಆತು.

ಹೆಣ್ಣೂರು_ಭಾನುವಾರ

ಆಗಸ್ಟ್ ಬಂತು, ಕೇಳಿದವರಿಗೆಲ್ಲಾ ಅಪ್‌ಡೇಟ್ ಕೊಡ್ಬೇಕು ಅಂತ ಬರೀತಿದ್ದೀನಿ.

ಎರಡು ಮನೆಯವರು ಮೇ 27ಕ್ಕೆ ಹೋದ್ರು. ಅದಕ್ಕೂ ಎರಡು ವಾರ ಮುಂಚೆ ನಾನು ಮತ್ತೆ ಮಗ್ಗಿ ಹುಡುಗಿಯ ಅಪ್ಪ ಇಬ್ಬರೇ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಯಾದಗಿರಿಗೆ ಹೋಗಿ ಅಲ್ಲಿಂದ ಬಸ್ ಹಿಡಿದು ಊರು ನೋಡ್ಕೊಂಡು ಬಂದ್ವಿ. ಬೀಗ ತೆಗೆದಾಗ ಅವರ ಮನೆಯ ಒಳಗೆ ಜಾಲಿ ಗಿಡ ಸೊಂಟದ ಎತ್ತರ ಬೆಳೆದಿತ್ತು, ಅವನು ಏನೂ ಮಾತಾಡದೆ ಪಕ್ಕದ ಮನೆಯಿಂದ ಕೊಡಲಿ ತಂದು ಕಡಿಯೋಕೆ ಶುರು ಮಾಡ್ದ. ತಗಡು, ಕೊಳವೆ, ಬಾಗಿಲು ಎರಡೂ ಮನೆಗೆ ಸೇರಿ 38,000 ಆಯ್ತು, ಕೂಲಿ ಅವರದ್ದೇ. ಟೆಂಪೋಗೆ 18,000. ಜೋಳ, ಬೇಳೆ, ಎಣ್ಣೆ ಅಂತ 18,000. ನಾಲ್ಕು ಕುರಿಗೆ 24,000, ಅದನ್ನ ಸಗರನಾಡಿನವರೇ ಜೊತೆಗೆ ಬಂದು ಸಂತೆಯಲ್ಲಿ ಹಲ್ಲು ನೋಡಿ ಕೊಡಿಸಿದ್ರು, ಅವರ ಉಪಕಾರ ದೊಡ್ಡದು. ಸಾಲದ ದುಡ್ಡು ನಾವು ಕಟ್ಟಲಿಲ್ಲ, ತಿಂಗಳ ಕಂತು ಮಾಡಿಸಿಕೊಂಡಿದ್ದಾರೆ, ಅದು ಸರಿಯೋ ತಪ್ಪೋ ಈಗಲೂ ನನಗೆ ನಿದ್ದೆ ಕೆಡಿಸುತ್ತೆ.

ಹುಡುಗಿ ಮೂರನೇ ಕ್ಲಾಸಿಗೆ ಸೇರಿದ್ದಾಳೆ. ಮೊದಲು ಒಂದನೇ ಕ್ಲಾಸಿಗೇ ಹಾಕ್ತೀವಿ ಅಂದ್ರಂತೆ, ಅಕ್ಕ ಹೇಳಿಕೊಟ್ಟ ಹಾಗೆ ತಾಯಿ ಒಪ್ಪಲಿಲ್ಲ, ಹುಡುಗಿ ನಿಂತು ಹದಿನಾರರ ಮಗ್ಗಿ ಹೇಳಿದ್ಲಂತೆ. ಜಾಬ್ ಕಾರ್ಡ್ ಡಿಲೀಟ್ ಆಗಿತ್ತು, ಹೊಸದು ಬಂದಿದೆ. ಪೌತಿ ಖಾತೆ ನಿಂತಿದೆ, ಮಾವನ ಸಾವು ನೋಂದಣಿ ಆಗೇ ಇರಲಿಲ್ಲ, ಅದರ ಓಡಾಟ ನಡೀತಿದೆ. ಇನ್ನೊಂದು ಮನೆಯ ಗಂಡ ಜುಲೈನಲ್ಲಿ ಬೆಂಗಳೂರಿಗೆ ವಾಪಸ್ ಬಂದಿದ್ದಾನೆ, ಒಬ್ಬನೇ, ಎಂಟು ಮನೆಯವರ ಹೊಸ ಶೆಡ್‌ಗಳಲ್ಲೇ ಮಲಗ್ತಾನೆ, ಭಾನುವಾರ ಸಿಕ್ಕಾಗ ತೊಗರಿ ಮೊಳಕಾಲೆತ್ತರ ಬಂದಿರೋ ಫೋಟೋ ತೋರಿಸಿದ.

62,000 ಉಳಿದಿದೆ, ಬ್ಯಾಂಕಲ್ಲಿ ಇಟ್ಟಿದ್ದೀವಿ, ಮುಟ್ಟಲ್ಲ. ಸಂಕ್ರಾಂತಿ ಆದ ಮೇಲೆ ಫೆಬ್ರವರಿ ಮೊದಲ ವಾರ ನಾನೇ ಮತ್ತೆ ಹೋಗ್ತೀನಿ. ಕಾಯಕಮಿತ್ರ ಅಕ್ಕ, ಫಾರಂ 6 ಆವತ್ತು ಹೋದ ಮೇಲೆ ಕೊಡೋದಾ, ಇಲ್ಲಾ ಜನವರಿ ಮಧ್ಯದಲ್ಲೇ ಕೊಟ್ಟು ಸ್ವೀಕೃತಿ ತಗೊಂಡಿರೋಕೆ ಅವರಿಗೆ ಹೇಳ್ಲಾ?

ಕಾಯಕಮಿತ್ರ_ಅಕ್ಕ

ಜನವರಿ ಮಧ್ಯದಾಗೇ ಕೊಡಿಸ್ರಿ. ಸ್ವೀಕೃತಿ ಫೋಟೋ ಹೊಡೆದು ನನಗ ಕಳಿಸಲಿ, ಅಸಲು ಆ ಕವರಿನಾಗೇ ಇಡಲಿ.